ದಿನವಿಡೀ ಮೈದಾನದಲ್ಲಿ, ಆಕಾಶದಲ್ಲಿ ಕೆಲವೇ ನಿಮಿಷ: ಗ್ಲೈಡರ್ ತರಬೇತಿಯ ದಿನವನ್ನು ಬಳಸಿಕೊಳ್ಳುವುದು ಹೇಗೆ?

ಪ್ರಶ್ನೆ (ಹೊಸ ವಿದ್ಯಾರ್ಥಿ):

ಎಲ್ಲರಿಗೂ ನಮಸ್ಕಾರ. ನಾನು ಈಚೆಗಷ್ಟೇ ಗ್ಲೈಡಿಂಗ್ ಕ್ಲಬ್ಬೊಂದಕ್ಕೆ ಸೇರಿ ತರಬೇತಿ ಪಡೆಯುತ್ತಿದ್ದೇನೆ. ಎಎಸ್‌ಕೆ 21 ಎಂಬ, ಎಂಜಿನ್ ಇಲ್ಲದ, ಎರಡು ಆಸನಗಳ ಗ್ಲೈಡರ್‌ನಲ್ಲಿ ವಿದ್ಯಾರ್ಥಿ ಮುಂದೆ, ಬೋಧಕರು ಹಿಂದೆ ಕುಳಿತು ಹಾರುತ್ತೇವೆ. ಉಡ್ಡಯನವೆಲ್ಲ ವಿಂಚ್‌ನಿಂದಲೇ ನಡೆಯುತ್ತದೆ. ಅಂದರೆ ಮೈದಾನದ ಆ ತುದಿಯಲ್ಲಿರುವ ಯಂತ್ರವು ಉದ್ದನೆಯ ಕೇಬಲನ್ನು ಡ್ರಮ್ಮಿಗೆ ಸುತ್ತಿಕೊಳ್ಳುತ್ತ ಈ ತುದಿಯಲ್ಲಿರುವ ಗ್ಲೈಡರನ್ನು ಗಾಳಿಪಟದಂತೆ ಮೇಲೆತ್ತುತ್ತದೆ.

ಕಲಿಕೆಯ ಬಗ್ಗೆ ನನಗೆ ತುಂಬ ಆಸೆಯಿದೆ, ಬೋಧಕರ ಮೇಲೆ ಗೌರವವೂ ಇದೆ. ಆದರೆ ಒಂದು ಪ್ರಶ್ನೆ ಕೊರೆಯುತ್ತಲೇ ಇದೆ. ಹ್ಯಾಂಗರ್ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಗ್ಲೈಡರ್‌ಗಳನ್ನು ಹೊರಗೆ ತಂದು, ಒರೆಸಿ, ಪರೀಕ್ಷಿಸಿ, ಉಡ್ಡಯನದ ಸ್ಥಳಕ್ಕೆ ಎಳೆದೊಯ್ದು, ಸರದಿಗಾಗಿ ಕಾದು, ನಡುನಡುವೆ ಬೇರೆಯವರ ರೆಕ್ಕೆ ಹಿಡಿದು, ಲಾಗ್ ಬರೆದು, ಸಂಜೆ ಎಲ್ಲವನ್ನೂ ಮತ್ತೆ ಒಳಗೆ ಸೇರಿಸುವವರೆಗೆ ಇಡೀ ದಿನ ಕಳೆಯುತ್ತದೆ. ಅಷ್ಟರಲ್ಲಿ ನಾನು ಆಕಾಶದಲ್ಲಿರುವುದು ಕೆಲವೇ ನಿಮಿಷ. ಒಂದೊಂದು ಹಾರಾಟವೂ ಐದಾರು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಮೇಲೆ ಹೋಗಿ ಎರಡು ತಿರುವು ತೆಗೆದುಕೊಳ್ಳುವಷ್ಟರಲ್ಲಿ ಇಳಿಯುವ ಸಿದ್ಧತೆ ಶುರುವಾಗಿರುತ್ತದೆ.

ಹೀಗಾಗಿ ಎರಡು ವಿಷಯ ಕೇಳಬೇಕೆನಿಸಿದೆ. ಟಗ್ ವಿಮಾನದಿಂದ ಎಳೆಸಿಕೊಂಡು 600 ಮೀಟರ್ ಎತ್ತರಕ್ಕೆ ಹೋಗುವ ಏರೋಟೋ ವ್ಯವಸ್ಥೆ ಇರುವ ಕಡೆ ಕಲಿತರೆ ಒಂದೊಂದು ಹಾರಾಟದಲ್ಲೂ ಹೆಚ್ಚು ಸಮಯ ಸಿಕ್ಕಿ ಬೇಗ ಕಲಿಯಲು ಸಾಧ್ಯವೇ? ಇಲ್ಲವೆಂದಾದರೆ, ನೆಲದ ಮೇಲೆ ಕಳೆಯುವ ಇಷ್ಟೊಂದು ಹೊತ್ತನ್ನು ಹಾರಾಟದ ಕಲಿಕೆಗೆ ನಿಜವಾಗಿ ಉಪಯೋಗವಾಗುವಂತೆ ಬಳಸುವುದು ಹೇಗೆ? ಅನುಭವಿಗಳು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ (ಬೋಧಕ):

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ವಿಂಚ್ ಉಡ್ಡಯನದಲ್ಲಿ ಕಲಿಯುವ ಬಹುತೇಕ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಇದು ಇದ್ದೇ ಇರುತ್ತದೆ, ಕೆಲವರು ಮಾತ್ರ ಬಾಯಿಬಿಟ್ಟು ಕೇಳುತ್ತಾರೆ. ಉತ್ತರಿಸುವ ಮೊದಲು ಒಂದು ಹಾರಾಟದ ಲೆಕ್ಕವನ್ನು ನಿಮ್ಮೊಂದಿಗೆ ಹಾಕಿ ನೋಡುತ್ತೇನೆ, ಏಕೆಂದರೆ ಈ ಲೆಕ್ಕ ತಲೆಯಲ್ಲಿದ್ದರೆ ದಿನವನ್ನು ನೋಡುವ ದೃಷ್ಟಿಯೇ ಬದಲಾಗುತ್ತದೆ.

ಸುಮಾರು 1000 ಮೀಟರ್ ಕೇಬಲ್ ಹಾಸಿದ್ದರೆ, ಗಾಳಿಯನ್ನು ಅವಲಂಬಿಸಿ 350ರಿಂದ 400 ಮೀಟರ್ ಎತ್ತರ ಸಿಗುತ್ತದೆ. 400 ಸಿಕ್ಕಿತೆಂದೇ ಇಟ್ಟುಕೊಳ್ಳಿ. ಇಳಿಯುವ ಸರ್ಕ್ಯೂಟನ್ನು, ಅಂದರೆ ಇಳಿಯುವ ಮುನ್ನ ಮೈದಾನವನ್ನು ಬಳಸಿ ಬರುವ ಹಾದಿಯನ್ನು, 200 ಮೀಟರ್ ಆಸುಪಾಸಿನಲ್ಲಿ ಸೇರಬೇಕು. ಹಾಗಾದರೆ ಅಭ್ಯಾಸಕ್ಕೆ ಉಳಿಯುವುದು 200 ಮೀಟರ್. ಎಎಸ್‌ಕೆ 21ರ ಅತಿ ಕಡಿಮೆ ಇಳಿಕೆಯ ದರ ಸೆಕೆಂಡಿಗೆ ಸುಮಾರು 0.65 ಮೀಟರ್ ಎಂದು ಹೇಳುತ್ತಾರಾದರೂ, ತಿರುವುಗಳನ್ನು ಕಲಿಯುತ್ತಿರುವವರ ಕೈಯಲ್ಲಿ ಅದು ಒಂದು ಮೀಟರಿಗೆ ಹತ್ತಿರವಾಗುತ್ತದೆ. ಮೇಲೇಳುವ ಗಾಳಿ ಸಿಗದಿದ್ದರೆ ನಿಮ್ಮ ಕೈಗೆ ಸಿಗುವುದು ಮೂರು ನಿಮಿಷಕ್ಕೆ ತುಸು ಹೆಚ್ಚು. ಇಷ್ಟರೊಳಗೆ ಒಂದೇ ಒಂದು ವಿಷಯವನ್ನು ಕಲಿಯಬಹುದು. ಆ ವಿಷಯ ಯಾವುದೆಂದು ನೆಲದ ಮೇಲೆಯೇ ನಿರ್ಧಾರವಾಗಿದ್ದರೆ ಮೂರು ನಿಮಿಷ ಧಾರಾಳವಾಗಿ ಸಾಕಾಗುತ್ತದೆ, ಕೇಬಲ್ ಬಿಟ್ಟ ಮೇಲೆ "ಈಗೇನು ಮಾಡೋಣ?" ಎಂದು ಯೋಚಿಸತೊಡಗಿದರೆ ಅರ್ಧ ಹಾರಾಟ ಮಾತಿನಲ್ಲೇ ಕಳೆದುಹೋಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ತಿರುವಿಗಾಗಿ ನೀವು ಸ್ಟಿಕ್ಕನ್ನು (ಕೈಯಲ್ಲಿ ಹಿಡಿದು ಗ್ಲೈಡರ್ ನಡೆಸುವ ಕೋಲು) ಎಡಕ್ಕೆ ಸರಿಸಿದಾಗ ಬಲ ರೆಕ್ಕೆಯ ಏಲೆರಾನ್ (ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಫಲಕ) ಕೆಳಗಿಳಿದು ಆ ರೆಕ್ಕೆಯನ್ನು ಎತ್ತುತ್ತದೆ. ಆದರೆ ಹೆಚ್ಚು ಎತ್ತುವ ರೆಕ್ಕೆ ಗಾಳಿಯ ಎಳೆತವನ್ನೂ ಹೆಚ್ಚು ಅನುಭವಿಸುತ್ತದೆ. ಎಎಸ್‌ಕೆ 21ರ ರೆಕ್ಕೆಗಳ ಹರವು 17 ಮೀಟರ್. ಅಷ್ಟು ಹರವಿನ ರೆಕ್ಕೆಯ ತುದಿಯಲ್ಲಿ ಬೀಳುವ ಎಳೆತ ಗ್ಲೈಡರಿನ ಮೂತಿಯನ್ನು ತಿರುವಿನ ವಿರುದ್ಧ ದಿಕ್ಕಿಗೆ, ಅಂದರೆ ಬಲಕ್ಕೆ, ತಳ್ಳುತ್ತದೆ. ನಿಮ್ಮ ಕಣ್ಣೆದುರಿಗೆ ಕ್ಯಾನೊಪಿಯ (ಆಸನಗಳ ಮೇಲಿನ ಪಾರದರ್ಶಕ ಮುಚ್ಚಳ) ಮೇಲೆ ಅಂಟಿಸಿರುವ ಸಣ್ಣ ಉಣ್ಣೆ ದಾರವಿದೆಯಲ್ಲ, ಆಗ ಅದರ ಬಾಲ ಬಲಕ್ಕೆ ವಾಲುತ್ತದೆ. ಅದನ್ನು ನೇರಕ್ಕೆ ತರಲು ದಾರದ ಬಾಲ ವಾಲಿದ ದಿಕ್ಕಿಗೆ ಎದುರಾದ ಪೆಡಲನ್ನು, ಇಲ್ಲಿ ಎಡ ರಡ್ಡರನ್ನು (ಗ್ಲೈಡರಿನ ಬಾಲದಲ್ಲಿರುವ ಚುಕ್ಕಾಣಿಯ ಪೆಡಲು), ಒತ್ತಬೇಕು. ಕೈ ಮತ್ತು ಕಾಲು ಒಟ್ಟಿಗೇ ಚಲಿಸಿದರೆ ದಾರ ಅಲುಗದೆ ನೇರವಾಗಿ ನಿಲ್ಲುತ್ತದೆ. ಇದನ್ನು ಓದಲು ನಿಮಗೆ ಒಂದು ನಿಮಿಷ ಬೇಕಾಯಿತು. ಇದೇ ವಿವರಣೆಯನ್ನು ನಾನು ಮೇಲೆ ಹೋದಮೇಲೆ ಹಿಂದಿನ ಆಸನದಿಂದ ಕೊಡಬೇಕಾದರೆ ನಾವಿಬ್ಬರೂ 60 ಮೀಟರ್ ಎತ್ತರವನ್ನು ಕಳೆದುಕೊಂಡಿರುತ್ತೇವೆ. ನೆಲದ ಮೇಲೆ ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿ, ಕೈಯನ್ನೂ ಕಾಲನ್ನೂ ಒಟ್ಟಿಗೆ ಆಡಿಸಿ ಬಂದ ವಿದ್ಯಾರ್ಥಿ ಅದೇ ಮೂರು ನಿಮಿಷಗಳಲ್ಲಿ ಎಡಕ್ಕೂ ಬಲಕ್ಕೂ ಹಲವು ಸಲ ತಿರುಗಿ, ಮೊದಲ ತಿರುವಿಗೂ ಕೊನೆಯ ತಿರುವಿಗೂ ಇರುವ ವ್ಯತ್ಯಾಸವನ್ನು ಆ ದಾರದಲ್ಲೇ ನೋಡುತ್ತಾನೆ.

ಆದ್ದರಿಂದ ಸರದಿ ಬರುವುದಕ್ಕೆ ಅರ್ಧ ಗಂಟೆ ಮುಂಚೆಯೇ ಬೋಧಕರ ಬಳಿ ಹೋಗಿ, "ಈ ಹಾರಾಟದಲ್ಲಿ ಯಾವುದನ್ನು ಅಭ್ಯಾಸ ಮಾಡೋಣ?" ಎಂದು ಕೇಳಿ. ಇಳಿದ ಮೇಲೆ ಅವರು ಮಾತು ಆರಂಭಿಸುವ ಮುನ್ನ ನಿಮಗೆ ಕಂಡದ್ದನ್ನು ನೀವೇ ಹೇಳಿ. ನಾನು ಗಮನಿಸಿರುವಂತೆ, ತಾನು ಕಂಡದ್ದನ್ನು ತಾನೇ ಹೇಳಬಲ್ಲ ವಿದ್ಯಾರ್ಥಿಯ ಕಲಿಕೆ ಬಲು ಬೇಗ ಸಾಗುತ್ತದೆ. ಆ ವಿದ್ಯಾರ್ಥಿ ಕಂಡದ್ದು ತಪ್ಪಾಗಿದ್ದರೂ ಸರಿಯೇ, ಏಕೆಂದರೆ ಎಲ್ಲಿ ತಿದ್ದಬೇಕೆಂಬುದು ನನಗೆ ತಕ್ಷಣ ತಿಳಿಯುತ್ತದೆ.

ಬೆಳಗಿನ ಪರೀಕ್ಷೆಯನ್ನು "ಒರೆಸುವ ಕೆಲಸ"ದ ಸಾಲಿಗೆ ಸೇರಿಸಬೇಡಿ ಎಂದು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಒಬ್ಬರು ಹೊರಗೆ ನಿಂತು ಏಲೆರಾನನ್ನು ಅಂಗೈಗಳ ನಡುವೆ ಅಲುಗದಂತೆ ಹಿಡಿದಿರುವಾಗ ಮತ್ತೊಬ್ಬರು ಒಳಗಿನಿಂದ ಸ್ಟಿಕ್ಕನ್ನು ಮೆಲ್ಲಗೆ ಒತ್ತುತ್ತಾರಲ್ಲ, ಆ ಪರೀಕ್ಷೆಯ ಉದ್ದೇಶವೇ ಬೇರೆ. ಸ್ಟಿಕ್ ಆಡಿಸಿದಾಗ ಏಲೆರಾನ್ ಆಡುತ್ತದೆಯೇ ಎಂದು ದೂರದಿಂದ ನೋಡಿದರೆ ಸಾಲದು. ಜೋಡಣೆ ಪೂರ್ತಿ ಕೂತಿರದಿದ್ದರೂ ನೆಲದ ಮೇಲೆ ಭಾರವಿಲ್ಲದಾಗ ಅದು ಆಡಿಬಿಡಬಹುದು. ತಡೆದು ಹಿಡಿದಾಗ ಮಾತ್ರ ಜೋಡಣೆಯ ಗಟ್ಟಿತನ ಗೊತ್ತಾಗುತ್ತದೆ. ಆಸನದ ಕೆಳಗೆ ಬಿದ್ದ ಪೆನ್ನೊಂದು ಸ್ಟಿಕ್ಕಿನ ಬುಡದಲ್ಲಿ ಸಿಕ್ಕಿಕೊಳ್ಳಬಹುದು, ಗಾಳಿಯ ಒತ್ತಡ ಅಳೆಯುವ ರಂಧ್ರದೊಳಗೆ ಕೀಟ ಗೂಡು ಕಟ್ಟಿ ವೇಗಮಾಪಕವನ್ನು ಕೆಡಿಸಬಹುದು. ಇವನ್ನು ಬೆರಳಿನಿಂದ ಮುಟ್ಟಿ ನೋಡಿದವರಿಗೆ ಗ್ಲೈಡರ್ ಹೇಗೆ ಕೆಲಸ ಮಾಡುತ್ತದೆಂಬುದು ಚಿತ್ರ ನೋಡಿದವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಸರದಿಯ ವಿಷಯದಲ್ಲಿ ಒಂದು ಮಾತು. ಆರಂಭದ ಪಾಠಗಳಿಗೆ ಬೆಳಗಿನ ಹೊತ್ತು ಅಥವಾ ಇಳಿಸಂಜೆ ಒಳ್ಳೆಯದು, ಗಾಳಿ ಶಾಂತವಾಗಿರುತ್ತದೆ. ನಡುಮಧ್ಯಾಹ್ನ ಥರ್ಮಲ್‌ಗಳು (ಬಿಸಿಯಾಗಿ ಮೇಲೇರುವ ಗಾಳಿಯ ಪ್ರವಾಹಗಳು) ಏಳುವಾಗ ಹಾರಾಟ ದೀರ್ಘವಾಗಬಹುದಾದರೂ, ಗ್ಲೈಡರ್ ಅಲುಗಿದ್ದು ತನ್ನ ಕೈಯಿಂದಲೋ ಗಾಳಿಯಿಂದಲೋ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಮೊದಲ ಸರದಿಗೆ ಹೆಸರು ಕೊಡಲು ಹಿಂಜರಿಯಬೇಡಿ.

ಉತ್ತರ (ವಿಂಚ್ ಚಾಲಕ):

ಮೇಲಿನವರು ಹಾರಾಟದ ಕಡೆಯಿಂದ ಹೇಳಿದ್ದಾರೆ. ನಾನು ಮೈದಾನದ ಇನ್ನೊಂದು ತುದಿಯಿಂದ, ವಿಂಚ್‌ನ ಕ್ಯಾಬಿನ್ನಿನಿಂದ ಕಂಡದ್ದನ್ನು ಹೇಳುತ್ತೇನೆ.

ನಿಮ್ಮ ಕ್ಲಬ್ಬಿನ ಅನುಮತಿ ಪಡೆದು ಒಂದು ಮಧ್ಯಾಹ್ನವನ್ನು ವಿಂಚ್ ಚಾಲಕರ ಪಕ್ಕದಲ್ಲಿ ಕಳೆಯಿರಿ. ಒಳಗಿನಿಂದ ನಿಮಗೆ ಉಡ್ಡಯನವೆಂದರೆ ಬೆನ್ನನ್ನು ಆಸನಕ್ಕೆ ಒತ್ತುವ ಒಂದು ತಳ್ಳು ಮತ್ತು ಆಕಾಶ ತುಂಬಿದ ಕ್ಯಾನೊಪಿ, ಅಷ್ಟೇ. ನನಗೆ ಕಾಣುವುದು ದೂರದ ಒಂದು ಬಿಳಿಯ ಗೆರೆ. ಆ ಗೆರೆಯ ಒಂದು ಕೊನೆಯಲ್ಲಿ ಯಾರೋ ರೆಕ್ಕೆಯನ್ನು ಸಮತಲಕ್ಕೆ ಎತ್ತುತ್ತಾರೆ, ಸಡಿಲ ಕೇಬಲ್ ಎಳೆಯಲು ಸಂಕೇತ ಬರುತ್ತದೆ, ಕೇಬಲ್ ಹುಲ್ಲಿನ ಮೇಲೆ ಹಾವಿನಂತೆ ಸರಿದು ಬಿಗಿಯಾಗುತ್ತದೆ, ಆಮೇಲೆ "ಪೂರ್ತಿ ಎಳೆಯಿರಿ" ಎಂಬ ಸಂಕೇತ. ಗ್ಲೈಡರ್ ಮೂರ್ನಾಲ್ಕು ಸೆಕೆಂಡುಗಳಲ್ಲೇ ನೆಲ ಬಿಡುತ್ತದೆ. ಇಡೀ ಉಡ್ಡಯನ ಮುಗಿಯಲು 30ರಿಂದ 40 ಸೆಕೆಂಡು ಸಾಕು. ಆ ಅವಧಿಯಲ್ಲಿ ಪೈಲಟ್ ಮೂತಿಯನ್ನು ಮೇಲಕ್ಕೆತ್ತಿದಷ್ಟೂ ನನ್ನ ಎಂಜಿನ್ನಿಗೆ ಭಾರ ತಗಲುತ್ತದೆ, ಇಳಿಸಿದಷ್ಟೂ ಹಗುರವಾಗುತ್ತದೆ. ಎದುರುಗಾಳಿ ಮೇಲೆ ಜೋರಾಗಿದ್ದರೆ ನಾನು ಶಕ್ತಿಯನ್ನು ಮೆಲ್ಲನೆ ತಗ್ಗಿಸಬೇಕು, ಇಲ್ಲವಾದರೆ ಗ್ಲೈಡರಿನ ವೇಗ ಮಿತಿ ಮೀರುತ್ತದೆ. ಎಎಸ್‌ಕೆ 21ಕ್ಕೆ ವಿಂಚ್ ಉಡ್ಡಯನದ ಗರಿಷ್ಠ ಮಿತಿ ಗಂಟೆಗೆ 150 ಕಿಲೋಮೀಟರ್. ನಿಮ್ಮ ಕೈಯಲ್ಲಿರುವ ಸ್ಟಿಕ್ಕೂ ನನ್ನ ಕೈಯಲ್ಲಿರುವ ಥ್ರಾಟಲ್ಲೂ ಒಂದೇ ಕೇಬಲ್ಲಿನ ಎರಡು ತುದಿಗಳಲ್ಲಿವೆ. ಇದನ್ನು ಒಮ್ಮೆ ಕ್ಯಾಬಿನ್ನಿನಲ್ಲಿ ಕುಳಿತು ನೋಡಿದವರು ಉಡ್ಡಯನದಲ್ಲಿ ಸ್ಟಿಕ್ಕನ್ನು ಜಗ್ಗುವುದಿಲ್ಲ.

ಕೇಬಲ್ಲಿಗೂ ಗ್ಲೈಡರಿಗೂ ನಡುವೆ ಇರುವ ವೀಕ್ ಲಿಂಕನ್ನು ಕೈಯಲ್ಲಿ ಹಿಡಿದು ನೋಡಿ. ಅದು ಬೇಕೆಂದೇ ದುರ್ಬಲವಾಗಿ ಮಾಡಿದ ಲೋಹದ ಸಣ್ಣ ತುಂಡು. ಭಾರ ಮಿತಿ ಮೀರಿದರೆ ರೆಕ್ಕೆಗೆ ಹಾನಿಯಾಗುವ ಮುನ್ನ ಅದು ಮುರಿಯುತ್ತದೆ. ಒಂದೊಂದು ಬಲಕ್ಕೂ ಒಂದೊಂದು ಬಣ್ಣವಿದೆ: ಕಪ್ಪಿನದು 1000 ಡೆಕಾನ್ಯೂಟನ್ (ಸುಮಾರು 1000 ಕಿಲೋ ತೂಕದಷ್ಟು ಬಲ) ತಡೆದರೆ, ನೀಲಿಯದು 600, ಹಸಿರಿನದು 300. ಯಾವ ಗ್ಲೈಡರಿಗೆ ಯಾವ ಬಣ್ಣ ಎಂಬುದನ್ನು ಅದರ ಕೈಪಿಡಿ ಹೇಳುತ್ತದೆ. ಕೇಬಲ್ ಸಿಕ್ಕಿಸುವವರು ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು, ಒಳಗಿರುವವರು ಅದನ್ನು ಒಪ್ಪಬೇಕು. ಹೊಸ ವಿದ್ಯಾರ್ಥಿಗಳು ಈ ಹೊತ್ತಿನಲ್ಲಿ ಮೌನವಾಗಿ ತಲೆಯಾಡಿಸುವುದನ್ನು ಕಂಡಿದ್ದೇನೆ. ದಯವಿಟ್ಟು ನೋಡಿ, ಆಮೇಲೆ ಬಾಯಿಬಿಟ್ಟು ಹೇಳಿ.

ಇನ್ನು ರೆಕ್ಕೆ ಹಿಡಿಯುವ ಕೆಲಸ. ಅದನ್ನು ಹಮಾಲಿಯೆಂದು ತಿಳಿಯುವವರಿದ್ದಾರೆ; ನನ್ನ ಮಟ್ಟಿಗೆ ಆ ಕೆಲಸ ಮಾಡುವವರೇ ಉಡ್ಡಯನದ ಕೊನೆಯ ಪರೀಕ್ಷಕರು. ಕ್ಯಾನೊಪಿ ಮುಚ್ಚಿ ಭದ್ರವಾಗಿದೆಯೇ, ಏರ್‌ಬ್ರೇಕುಗಳು (ಬೇಗ ಇಳಿಯಲು ರೆಕ್ಕೆಯಿಂದ ಮೇಲೇಳುವ ಫಲಕಗಳು) ರೆಕ್ಕೆಯೊಳಗೆ ಸೇರಿ ಲಾಕ್ ಆಗಿವೆಯೇ, ನೆಲದ ಮೇಲೆ ಎಳೆಯಲು ಬಾಲಕ್ಕೆ ಸಿಕ್ಕಿಸಿದ ಗಾಲಿಯನ್ನು ತೆಗೆದಿದ್ದಾರೆಯೇ, ಹಿಂದಿನಿಂದ ಇಳಿಯಲು ಬರುತ್ತಿರುವ ಗ್ಲೈಡರ್ ಇದೆಯೇ, ಇವಿಷ್ಟನ್ನೂ ರೆಕ್ಕೆ ಎತ್ತುವ ಮುನ್ನ ತಿರುಗಿ ನೋಡಬೇಕು. ಒಳಗಿರುವವರಿಗೆ ತಮ್ಮ ಹಿಂದಿನ ಆಕಾಶ ಕಾಣುವುದೇ ಇಲ್ಲ. ಏನಾದರೂ ಸರಿಯಿಲ್ಲವೆನಿಸಿದರೆ "ನಿಲ್ಲಿಸಿ" ಎಂದು ಕೂಗುವ ಹಕ್ಕು ಮೈದಾನದಲ್ಲಿರುವ ಪ್ರತಿಯೊಬ್ಬರಿಗೂ ಇದೆ, ಮೊದಲ ದಿನ ಬಂದವರಿಗೂ ಇದೆ. ಆ ಕೂಗಿನಿಂದ ಒಂದು ಉಡ್ಡಯನ ತಡವಾಯಿತೆಂದು ಯಾರೂ ಬೇಸರಿಸಬಾರದು.

ರೆಕ್ಕೆ ಹಿಡಿದು ಓಡುವಾಗ ಇನ್ನೊಂದನ್ನು ಗಮನಿಸಿ. ಗ್ಲೈಡರ್ ಹೊರಟ ಮೊದಲ ಕ್ಷಣಗಳಲ್ಲಿ ವೇಗ ಕಡಿಮೆಯಿರುವುದರಿಂದ ಏಲೆರಾನಿಗೆ ಬಲವಿರುವುದಿಲ್ಲ. ಆಗ ಒಂದು ರೆಕ್ಕೆ ಕುಸಿದು ಹುಲ್ಲಿಗೆ ತಗಲಿದರೆ ಗ್ಲೈಡರ್ ಗಿರಕಿ ಹೊಡೆದು ಬುಡಮೇಲಾಗುವ ಅಪಾಯವಿದೆ. ಬ್ರಿಟನ್ನಿನ ಗ್ಲೈಡಿಂಗ್ ಸಂಘವು 2005ರಲ್ಲಿ ಆರಂಭಿಸಿದ ಸುರಕ್ಷಿತ ವಿಂಚ್ ಉಡ್ಡಯನ ಅಭಿಯಾನ ಇದನ್ನು ಒತ್ತಿ ಹೇಳುತ್ತದೆ: ರೆಕ್ಕೆಗಳನ್ನು ಸಮತಲದಲ್ಲಿ ಇಡಲಾಗದಿದ್ದರೆ, ರೆಕ್ಕೆ ನೆಲ ಮುಟ್ಟುವ ಮುನ್ನವೇ ಕೇಬಲ್ ಬಿಡಬೇಕು. ಹಾಗಾಗಿ ಹೊರಡುವಾಗಲೇ ಎಡಗೈ ಕೇಬಲ್ ಬಿಡಿಸುವ ಹಳದಿ ಹಿಡಿಯ ಮೇಲಿರಬೇಕು, ಹುಡುಕಿಕೊಂಡು ಹೋಗುವಷ್ಟು ಸಮಯ ಇರುವುದಿಲ್ಲ. ನಿಮ್ಮ ಕೈ ಅಲ್ಲಿದೆಯೇ ಎಂದು ಬೋಧಕರು ಪ್ರತಿ ಸಲವೂ ಕೇಳುತ್ತಿದ್ದರೆ ಅದರ ಕಾರಣ ಇದು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ವಿಂಚ್ ಕ್ಯಾಬಿನ್ನಿನಲ್ಲಿ ಕುಳಿತು ನೋಡಬಹುದೆಂಬುದು ನನಗೆ ಹೊಳೆದಿರಲಿಲ್ಲ, ಮುಂದಿನ ವಾರವೇ ಕೇಳುತ್ತೇನೆ.

ನಿಮ್ಮ ಮಾತುಗಳನ್ನು ಓದಿದ ಮೇಲೆ ಮತ್ತೊಂದು ವಿಷಯ ಕೇಳಬೇಕೆನಿಸಿತು. ಈಚಿನ ಹಾರಾಟವೊಂದರಲ್ಲಿ ಮೇಲೇರುತ್ತಿರುವಾಗಲೇ ಬೋಧಕರು ಮುನ್ಸೂಚನೆಯಿಲ್ಲದೆ ಹಿಂದಿನಿಂದ ಕೇಬಲ್ ಬಿಟ್ಟರು. "ಕೇಬಲ್ ಕಡಿದಿದೆ, ಈಗೇನು ಮಾಡುತ್ತೀರಿ?" ಎಂದು ಕೇಳಿದರು. ಇನ್ನೊಂದು ಸಲ ಎತ್ತರ ತೋರಿಸುವ ಆಲ್ಟಿಮೀಟರಿಗೆ ಕಾಗದ ಅಂಟಿಸಿ ಮುಚ್ಚಿ, "ಕಣ್ಣಳತೆಯಲ್ಲೇ ಇಳಿಸಿ" ಎಂದರು. ಇವೆರಡರ ಹಿಂದಿನ ತರ್ಕವನ್ನು ಯಾರಾದರೂ ಬಿಡಿಸಿ ಹೇಳುವಿರಾ? ಅವರನ್ನು ಕೇಳುವಷ್ಟರಲ್ಲಿ ಮುಂದಿನ ವಿದ್ಯಾರ್ಥಿಯ ಸರದಿ ಬಂದಿತ್ತು.

ಉತ್ತರ (ಬೋಧಕ):

ನಿಮ್ಮ ಬೋಧಕರು ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. ಎರಡನ್ನೂ ವಿವರಿಸುತ್ತೇನೆ.

ಕೇಬಲ್ ಕಡಿಯುವುದು, ವೀಕ್ ಲಿಂಕ್ ಮುರಿಯುವುದು, ವಿಂಚ್‌ನ ಶಕ್ತಿ ಕುಂದುವುದು ಇವೆಲ್ಲ ವಿಂಚ್ ಮೈದಾನಗಳಲ್ಲಿ ಆಗಾಗ ನಡೆಯುವ ಸಂಗತಿಗಳು. ಸರಿಯಾಗಿ ನಿಭಾಯಿಸಿದರೆ ಅವು ಅಪಘಾತಗಳಾಗುವುದಿಲ್ಲ. ಕಷ್ಟವಿರುವುದು ಮೊದಲ ಎರಡು ಸೆಕೆಂಡುಗಳಲ್ಲಿ. ಪೂರ್ಣ ಏರಿಕೆಯಲ್ಲಿ ಗ್ಲೈಡರಿನ ಮೂತಿ ಸುಮಾರು 45 ಡಿಗ್ರಿ ಆಕಾಶಕ್ಕೆ ನೆಟ್ಟಿರುತ್ತದೆ. ಎಳೆಯುವ ಕೇಬಲ್ ಇಲ್ಲವಾದ ಕೂಡಲೇ ಆ ಭಂಗಿಯಲ್ಲಿ ವೇಗ ಕಣ್ಣೆದುರಿಗೇ ಕರಗುತ್ತದೆ. ಆದ್ದರಿಂದ ಮೊದಲು ಸ್ಟಿಕ್ಕನ್ನು ಮುಂದಕ್ಕೆ ತಳ್ಳಿ ಮೂತಿಯನ್ನು ಇಳಿಯುವಾಗಿನ ಭಂಗಿಗೆ, ಅಂದರೆ ದಿಗಂತಕ್ಕಿಂತ ಕೆಳಕ್ಕೆ, ತರಬೇಕು. ಮೂತಿ ಕೆಳಗಿಳಿದ ಮಾತ್ರಕ್ಕೆ ವೇಗ ಮರಳಿ ಬಂದಿತೆಂದು ಅರ್ಥವಲ್ಲ. ವೇಗಮಾಪಕದ ಮುಳ್ಳು ಇಳಿಯುವ ವೇಗಕ್ಕೆ ಮರಳುವವರೆಗೆ ತಿರುಗಲೂ ಬಾರದು, ಏರ್‌ಬ್ರೇಕನ್ನು ಮುಟ್ಟಲೂ ಬಾರದು. ಅಷ್ಟರಲ್ಲಿ ಹಳದಿ ಹಿಡಿಯನ್ನು ಎರಡು ಸಲ ಎಳೆದು ಉಳಿದಿರಬಹುದಾದ ಕೇಬಲ್ ತುಂಡನ್ನು ಬಿಡಬೇಕು. ಆಮೇಲಷ್ಟೇ ನಿರ್ಧಾರ: ಎದುರಿಗೆ ಇಳಿಯುವಷ್ಟು ಮೈದಾನ ಉಳಿದಿದ್ದರೆ ನೇರ ಮುಂದಕ್ಕೆ ಇಳಿಯುವುದು, ಉಳಿದಿಲ್ಲದಿದ್ದರೆ ಆ ದಿನದ ಗಾಳಿಗೆ ಮೊದಲೇ ಗೊತ್ತುಮಾಡಿಕೊಂಡ ದಿಕ್ಕಿಗೆ ತಿರುಗಿ ಚಿಕ್ಕ ಸರ್ಕ್ಯೂಟ್ ಮಾಡುವುದು.

"ಮೊದಲೇ ಗೊತ್ತುಮಾಡಿಕೊಂಡ" ಎಂಬುದನ್ನು ಒತ್ತಿ ಹೇಳುತ್ತೇನೆ. ಉಡ್ಡಯನಕ್ಕೆ ಮುನ್ನ ಮಾಡುವ ತಪಾಸಣೆಯ ಕೊನೆಯಲ್ಲಿ ಅನಿರೀಕ್ಷಿತ ಸಂದರ್ಭದ ಬಗ್ಗೆ ಜೋರಾಗಿ ಹೇಳಿಸುವುದು ಇದಕ್ಕೇ. ಮಧ್ಯಾಹ್ನ ಗಾಳಿ ತಿರುಗಿದರೆ ಬೆಳಿಗ್ಗೆ ಹೇಳಿದ ಉತ್ತರವೂ ಬದಲಾಗಬೇಕು. ಸರದಿಗೆ ಕಾಯುವಾಗ ಬೇರೆಯವರ ಪ್ರತಿಯೊಂದು ಉಡ್ಡಯನವನ್ನೂ ನೋಡುತ್ತ, "ಈಗ ಕಡಿದರೆ ನೇರಕ್ಕೆ, ಈಗ ಕಡಿದರೂ ನೇರಕ್ಕೆ, ಈಗ ಕಡಿದರೆ ತಿರುಗಬೇಕು" ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ನೀವು ಕೇಳಿದ ನೆಲದ ಮೇಲಿನ ಕಲಿಕೆಗೆ ಇದಕ್ಕಿಂತ ಉಪಯುಕ್ತ ಅಭ್ಯಾಸ ನನಗೆ ಗೊತ್ತಿಲ್ಲ.

ಆಲ್ಟಿಮೀಟರ್ ಮುಚ್ಚಿದ್ದಕ್ಕೆ ಕಾರಣ ಇನ್ನೂ ದೂರದ್ದು. ಮುಂದೊಂದು ದಿನ ನೀವು ಮೈದಾನ ಬಿಟ್ಟು ದೂರ ಹಾರುತ್ತೀರಿ, ಥರ್ಮಲ್ ಸಿಗದೆ ಯಾವುದೋ ಹೊಲದಲ್ಲಿ ಇಳಿಯಬೇಕಾಗುತ್ತದೆ. ಹೊರಟ ಜಾಗದಲ್ಲಿ ಸೊನ್ನೆಗೆ ಹೊಂದಿಸಿದ ಆಲ್ಟಿಮೀಟರಿಗೆ ಆ ಹೊಲ ಎಷ್ಟು ಎತ್ತರದಲ್ಲಿದೆಯೆಂದು ತಿಳಿದಿರುವುದಿಲ್ಲ. ಅಲ್ಲಿ ಉಪಯೋಗಕ್ಕೆ ಬರುವುದು ನೀವು ಇಳಿಯಬೇಕಾದ ಜಾಗ ಯಾವ ಕೋನದಲ್ಲಿ ಕಾಣುತ್ತಿದೆ ಎಂಬುದೊಂದೇ. ತೀರ ಹತ್ತಿರ, ಬಹುತೇಕ ರೆಕ್ಕೆಯಡಿಯಲ್ಲೇ ಕಂಡರೆ ಎತ್ತರ ಹೆಚ್ಚಾಗಿದೆ. ಚಪ್ಪಟೆಯಾಗಿ ದೂರದಲ್ಲಿ ಕಂಡರೆ ಒಳಕ್ಕೆ ಸರಿಯಬೇಕು.

ಕೊನೆಯ ನೇರ ಹಾದಿಯಲ್ಲೂ ಇದೇ ಕಣ್ಣು ಬೇಕು. ವೇಗವನ್ನು ಸ್ಥಿರವಾಗಿಟ್ಟುಕೊಂಡು, ನೆಲದ ಮೇಲೆ ನೀವು ಆರಿಸಿಕೊಂಡ ಗುರುತನ್ನು ಕ್ಯಾನೊಪಿಯಲ್ಲಿ ನೋಡಿ. ಗುರುತು ಗಾಜಿನಲ್ಲಿ ಮೇಲಕ್ಕೆ ಸರಿಯುತ್ತಿದ್ದರೆ ನೀವು ಅದಕ್ಕಿಂತ ಮುಂಚೆಯೇ ನೆಲ ಮುಟ್ಟುತ್ತೀರಿ, ಏರ್‌ಬ್ರೇಕನ್ನು ಸ್ವಲ್ಪ ಮುಚ್ಚಬೇಕು. ಕೆಳಕ್ಕೆ ಜಾರುತ್ತಿದ್ದರೆ ದಾಟಿ ಹೋಗುತ್ತೀರಿ, ಇನ್ನಷ್ಟು ತೆರೆಯಬೇಕು. ಅಲುಗದೆ ನಿಂತರೆ ಹಾದಿ ಸರಿಯಾಗಿದೆ. ಇಲ್ಲೊಂದು ಎಚ್ಚರಿಕೆ: ವೇಗ ಏರಿಳಿದರೆ ಈ ಗುರುತಿನ ಚಲನೆಗೆ ಅರ್ಥವೇ ಉಳಿಯುವುದಿಲ್ಲ, ಆದ್ದರಿಂದ ಮೊದಲು ವೇಗ, ಆಮೇಲೆ ಗುರುತು. ಎದುರುಗಾಳಿ ಜೋರಾಗಿದ್ದ ದಿನ ಇಳಿಯುವ ವೇಗಕ್ಕೆ ಗಾಳಿಯ ವೇಗದ ಅರ್ಧದಷ್ಟನ್ನು ಸೇರಿಸಿಕೊಳ್ಳುವ ವಾಡಿಕೆಯಿದೆ, ಏಕೆಂದರೆ ನೆಲಕ್ಕೆ ಹತ್ತಿರವಾದಂತೆ ಗಾಳಿ ಇದ್ದಕ್ಕಿದ್ದಂತೆ ತಗ್ಗಿ ಗ್ಲೈಡರಿನ ವೇಗವನ್ನೂ ಕಸಿದುಕೊಳ್ಳುತ್ತದೆ.

ಇದನ್ನೂ ಪಕ್ಕದಲ್ಲಿ ನಿಂತು ಕಲಿಯಬಹುದು. ಬೇರೆಯವರು ಇಳಿಯುವಾಗ ಏರ್‌ಬ್ರೇಕು ರೆಕ್ಕೆಯ ಮೇಲೆ ಎಷ್ಟು ಎದ್ದಿದೆ, ಎಲ್ಲಿ ನೆಲ ಮುಟ್ಟುತ್ತಾರೆ ಎಂದು ಮೊದಲೇ ಊಹಿಸಿ ನೋಡಿ. ಊಹೆ ದಿನದಿಂದ ದಿನಕ್ಕೆ ಹತ್ತಿರವಾಗುತ್ತ ಹೋಗುತ್ತದೆ.

ಉತ್ತರ (ಪರವಾನಗಿ ಪಡೆದ ಪೈಲಟ್):

ಎಲ್ಲರೂ ವಿಂಚ್‌ನ ಪರವಾಗಿ ಮಾತಾಡಿದ್ದಾರೆ, ನಾನೂ ವಿಂಚ್‌ನಲ್ಲೇ ಕಲಿತವನು. ಆದರೂ ಏರೋಟೋ ಬಗ್ಗೆ ನೀವು ಕೇಳಿದ ಮೊದಲ ಪ್ರಶ್ನೆಗೆ ಇನ್ನೂ ನೇರ ಉತ್ತರ ಬಂದಿಲ್ಲ.

ಕೆಲವು ಪಾಠಗಳಿಗೆ ಎತ್ತರ ಬೇಕೇ ಬೇಕು. ಸ್ಪಿನ್ ಅಭ್ಯಾಸವನ್ನು ತೆಗೆದುಕೊಳ್ಳಿ: ಗಿರಕಿಗೆ ಬಿದ್ದ ಗ್ಲೈಡರನ್ನು ಗಿರಕಿಯ ವಿರುದ್ಧ ದಿಕ್ಕಿನ ರಡ್ಡರನ್ನು ಪೂರ್ತಿ ಒತ್ತಿ, ಸ್ಟಿಕ್ಕನ್ನು ಗಿರಕಿ ನಿಲ್ಲುವವರೆಗೆ ಮುಂದಕ್ಕೆ ಸರಿಸಿ, ರಡ್ಡರನ್ನು ನಡುವಿಗೆ ತಂದು, ಮೂತಿಯನ್ನು ನಯವಾಗಿ ಮೇಲೆತ್ತಬೇಕು. ಇಷ್ಟನ್ನು ನಿರಾತಂಕವಾಗಿ ಮತ್ತೆ ಮತ್ತೆ ಮಾಡಲು ವಿಂಚ್ ಕೊಡುವ 400 ಮೀಟರ್ ಸಾಲದು. ಥರ್ಮಲ್‌ನೊಳಗೆ ಸುತ್ತುತ್ತ ಅದರ ನಡುವನ್ನು ಹುಡುಕುವುದಕ್ಕೂ, ನಕ್ಷೆ ನೋಡಿ ದಾರಿ ಕಂಡುಕೊಳ್ಳುವುದಕ್ಕೂ ಏರೋಟೋ ಅನುಕೂಲ. ಟಗ್ ವಿಮಾನದ ಹಿಂದೆ ಹಗ್ಗದ ತುದಿಯಲ್ಲಿ ಸ್ಥಾನ ಬಿಡದೆ ಹಾರುವುದಂತೂ ರಡ್ಡರ್ ಮತ್ತು ಏಲೆರಾನಿನ ಹೊಂದಾಣಿಕೆಗೆ ಬಹಳ ಒಳ್ಳೆಯ ಪರೀಕ್ಷೆ. ಹೀಗಾಗಿ ಅವಕಾಶ ಸಿಕ್ಕರೆ ಬಿಡಬೇಡಿ.

ಆದರೆ ಬೇಗ ಕಲಿಯಬೇಕೆಂದು ಪೂರ್ತಿಯಾಗಿ ಏರೋಟೋಗೆ ಬದಲಾಗುವುದು ನನಗೆ ಸರಿಕಾಣುವುದಿಲ್ಲ. ಯುರೋಪಿನ ಈಗಿನ ನಿಯಮದಂತೆ ಗ್ಲೈಡರ್ ಪೈಲಟ್ ಪರವಾನಗಿಗೆ ಕನಿಷ್ಠ 15 ಗಂಟೆಗಳ ಹಾರಾಟದ ತರಬೇತಿ ಬೇಕು. ಅದರ ಜೊತೆಗೇ ಕನಿಷ್ಠ 45 ಉಡ್ಡಯನ ಮತ್ತು ಇಳಿಕೆಗಳೂ ಆಗಿರಬೇಕು. ಗಂಟೆಗಳನ್ನೂ ಉಡ್ಡಯನಗಳನ್ನೂ ಹೀಗೆ ಬೇರೆಬೇರೆಯಾಗಿ ಎಣಿಸುವುದು ಸುಮ್ಮನೆಯಲ್ಲ. ಒಂದು ದೀರ್ಘ ಹಾರಾಟದಲ್ಲಿ ಇಳಿಯುವುದು ಒಂದೇ ಸಲ. ಅಷ್ಟೇ ಹೊತ್ತಿನ ವಿಂಚ್ ಹಾರಾಟಗಳಲ್ಲಿ ಹಲವು ಸಲ ಇಳಿಯುತ್ತೀರಿ, ಪ್ರತಿ ಸಲವೂ ಗಾಳಿ ತುಸು ಬೇರೆ. ಬೋಧಕರು ಹಿಂದಿನ ಆಸನದಿಂದ ಇಳಿದು, ಅದರ ಬೆಲ್ಟುಗಳನ್ನು ಸಡಿಲ ಬಿಡದೆ ಬಿಗಿದು ಕಟ್ಟಿ, "ಒಬ್ಬರೇ ಹೋಗಿ ಬನ್ನಿ" ಎನ್ನುವ ದಿನವನ್ನು ನಿರ್ಧರಿಸುವುದು ಈ ಇಳಿಕೆಗಳೇ. ಆ ದಿನ ಗ್ಲೈಡರ್ ಹಗುರವಾಗಿರುತ್ತದೆ, ಬೇಗ ನೆಲ ಬಿಡುತ್ತದೆ, ಅಂದುಕೊಂಡದ್ದಕ್ಕಿಂತ ಎತ್ತರಕ್ಕೆ ಹೋಗುತ್ತದೆ. ಇದನ್ನು ಮುಂಚಿತವಾಗಿ ತಿಳಿದಿದ್ದರೆ ಗಾಬರಿಯಾಗುವುದಿಲ್ಲ.

ನನ್ನ ಸಲಹೆ ಇಷ್ಟು: ಸೋಲೋ ಹಾರಾಟದವರೆಗೆ ವಿಂಚ್‌ನಲ್ಲೇ ಮುಂದುವರಿಯಿರಿ, ನಡುವೆ ಸ್ಪಿನ್ ಪಾಠಕ್ಕೆಂದು ಕೆಲವು ಏರೋಟೋಗಳನ್ನು ಸೇರಿಸಿಕೊಳ್ಳಿ. ಸಾಧ್ಯವಿದ್ದರೆ ವಾರ ಬಿಟ್ಟು ವಾರ ಬರುವ ಬದಲು ಒಂದೆರಡು ದಿನ ಸತತವಾಗಿ ಬನ್ನಿ, ಹಿಂದಿನ ದಿನದ ಇಳಿಕೆ ಕೈಯಲ್ಲಿ ಹಸಿಯಾಗಿರುವಾಗಲೇ ಮುಂದಿನದು ಸಿಗುತ್ತದೆ. ಅಂಚುಳ್ಳ ಮೆದು ಟೋಪಿ ಮತ್ತು ಸಾಕಷ್ಟು ಕುಡಿಯುವ ನೀರನ್ನು ಮರೆಯಬೇಡಿ; ಬಿಸಿಲಿನಲ್ಲಿ ನಿಂತು ದಣಿದವರ ಮಧ್ಯಾಹ್ನದ ಇಳಿಕೆಗಳು ಬೆಳಗಿನವುಗಳಿಗಿಂತ ಒರಟಾಗುವುದನ್ನು ಲಾಗ್ ಬರೆಯುವ ಮೇಜಿನಿಂದ ನೀವೇ ನೋಡಬಹುದು.